ಇನ್ನೂರ ಹನ್ನೆರಡನೆಯ ಪುಟದ ಒಂದು ಸಾಲು

ವಿಚಾರಣಾ ಆಯೋಗದ ಮಾನ್ಯ ಅಧ್ಯಕ್ಷರೇ,

ನಿಮ್ಮ ವರದಿಯ ಇನ್ನೂರ ಹನ್ನೆರಡನೆಯ ಪುಟದಲ್ಲಿ ಒಂದು ಸುಳ್ಳು ಅಚ್ಚಾಗಿದೆ. ‘ಸದರಿ ಅಪರಾಧಿಯ ಕೃತ್ಯಗಳ ಬಗ್ಗೆ ಆಸ್ಪತ್ರೆಯ ಯಾವೊಬ್ಬ ಸಿಬ್ಬಂದಿಗೂ ಆ ಕಾಲದಲ್ಲಿ ಸಂಶಯ ಬರಲು ಅವಕಾಶವಿರಲಿಲ್ಲ’ ಎಂಬ ಸಾಲು ಅದು. ನಾನು ಆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ನನಗೆ ಸಂಶಯ ಬಂದಿತ್ತು. ಬಂದ ಸಂಶಯವನ್ನು ಬರೆದು, ಸಹಿ ಹಾಕಿ, ಮೇಲಿನವರ ಕೈಗೆ ಕೊಟ್ಟೂ ಇದ್ದೆ. ಆ ಸಾಲನ್ನು ತೆಗೆಯಿರೆಂದು ನಿಮ್ಮ ಕಚೇರಿಗೆ ಮೂರು ಸಲ ರಿಜಿಸ್ಟರ್ ಅಂಚೆಯಲ್ಲಿ ಕೇಳಿಕೊಂಡೆ. ‘ನಿಮ್ಮ ಪತ್ರ ತಲುಪಿದೆ’ ಎಂದು ಮೂರು ಸಲವೂ ಉತ್ತರ ಬಂತು. ತಲುಪಿದ್ದೇ ದೊಡ್ಡದು ಎಂದು ಸುಮ್ಮನಿರಲು ಆಗದೆ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆದೀತೆಂಬ ಭ್ರಮೆ ನನಗಿಲ್ಲ.

ಆ ಅಪರಾಧಿಯ ಕಥೆ ಈಗ ಮಕ್ಕಳಿಗೂ ಬಾಯಿಪಾಠ. ರೋಗಿಗಳು ಅವನನ್ನು ‘ತಂಪುಗೈ’ ಎಂದು ಕರೆಯುತ್ತಿದ್ದರು. ಜ್ವರದ ಹಣೆಯ ಮೇಲೆ ಅವನು ಕೈಯಿಟ್ಟರೆ ಹಾಯೆನಿಸುತ್ತಿತ್ತಂತೆ. ಪತ್ರಿಕೆಗಳು ಅದೇ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ಮಾರಿಕೊಂಡವು. ಚಿಕ್ಕಂದಿನಲ್ಲಿ ತಾಯಿ ಬಿಟ್ಟುಹೋದದ್ದು, ಅನಾಥಾಲಯದಲ್ಲಿ ಬೆಳೆದದ್ದು, ನರ್ಸಿಂಗ್ ಶಾಲೆಯಲ್ಲಿ ಮೊದಲ ದರ್ಜೆ ಬಂದದ್ದು, ಎರಡು ಆಸ್ಪತ್ರೆಗಳಲ್ಲಿ ಹದಿನೇಳು ಜನರನ್ನು ಸೂಜಿಮದ್ದು ಚುಚ್ಚಿ ಕೊಂದದ್ದು, ಆರು ವರ್ಷದ ಮೊಕದ್ದಮೆ, ಆರು ತಿಂಗಳ ಹಿಂದೆ ಗಲ್ಲಿಗೇರುವ ಬೆಳಗ್ಗೆ ಅವನು ಅರ್ಧ ಲೋಟ ಹಾಲನ್ನು ಹಾಗೇ ಉಳಿಸಿದ್ದು, ಎಲ್ಲವೂ ಎಲ್ಲರಿಗೂ ಗೊತ್ತು. ಯಾಕೆ ಕೊಂದೆ ಎಂದು ನ್ಯಾಯಾಧೀಶರು ಕೇಳಿದಾಗ, “ವಾಸಿಯಾದೋರು ಮನೆಗೆ ಹೋಗುವಾಗ ತಿರುಗಿ ಕೂಡ ನೋಡಲ್ಲ, ಸ್ವಾಮಿ” ಎಂದನಲ್ಲ, ಆ ಒಂದು ಮಾತಿನ ಮೇಲೆ ಪಂಡಿತರು ಮೂರು ವಾರ ಟಿವಿಯಲ್ಲಿ ಕೂತರು. ನೀವೂ ಅವನ ಬಾಲ್ಯಕ್ಕೆ ನಲವತ್ತು ಪುಟ ಕೊಟ್ಟಿದ್ದೀರಿ. ಸತ್ತವರಿಗೆ ಒಂದೂವರೆ ಪುಟದ ಪಟ್ಟಿ. ಅದರಲ್ಲಿ ಒಂಬತ್ತನೆಯವಳು ನನ್ನ ತಂಗಿ.

ನಾನು ಬಟ್ಟೆಕೋಣೆಯ ಮೇಲ್ವಿಚಾರಕಿಯಾಗಿದ್ದೆ. ನೀವು ಆಸ್ಪತ್ರೆಗೆ ಬಂದಾಗ ಲಿಫ್ಟಿನಲ್ಲಿ ಮೇಲಕ್ಕೆ ಹೋದಿರಿ. ನಮ್ಮ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ವಾರ್ಡುಗಳ ಹಾಸುಬಟ್ಟೆ, ದಿಂಬಿನ ಚೀಲ, ಹೊದಿಕೆಗಳೆಲ್ಲ ಮೂಟೆಯಾಗಿ, ಮಂಚದ ಸಂಖ್ಯೆಯ ಚೀಟಿ ಹೊತ್ತು, ತಳ್ಳುಗಾಡಿಯಲ್ಲಿ ಅಲ್ಲಿಗೆ ಬರುತ್ತವೆ. ಸಾಮಾನ್ಯ ಮೂಟೆಗೆ ಒಂದು ಗಂಟು. ರೋಗಿ ತೀರಿಕೊಂಡ ಮಂಚದ ಮೂಟೆಗೆ ಎರಡು ಗಂಟು. ಅದು ಬೇರೆ ಹಂಡೆಗೆ, ಕುದಿಯುವ ನೀರಿಗೆ ಹೋಗಬೇಕು. ವೈದ್ಯರಿಗೆ ಎದೆಗೆ ಕಿವಿಗೊಟ್ಟರೆ ತಿಳಿಯುವುದು ನಮಗೆ ಹಾಸುಬಟ್ಟೆ ಬಿಡಿಸಿದರೆ ತಿಳಿಯುತ್ತದೆ. ಸಾಯುವವರ ಬಟ್ಟೆಯಲ್ಲಿ ಬೆವರು, ರಕ್ತ, ಔಷಧಿಯ ಕಮಟು ಇರುತ್ತದೆ. ಅಲುಗಾಡದೆ ಮಲಗಿದ ಜಾಗ ಅಚ್ಚೊತ್ತಿರುತ್ತದೆ. ವಾಸಿಯಾಗುತ್ತಿರುವವರ ಬಟ್ಟೆಯ ಗಲೀಜೇ ಬೇರೆ. ಚಹಾದ ಕಲೆ, ಬ್ರೆಡ್ಡಿನ ಪುಡಿ, ಪೆನ್ನಿನ ಶಾಯಿ, ತಲೆ ಬಾಚಿಕೊಂಡಾಗ ಉದುರಿದ ಕೂದಲು. ಅಂಥ ಗಲೀಜು ಕಂಡರೆ ನಮಗೆ ಖುಷಿ, ಇವರು ಇನ್ನೆರಡು ದಿನಕ್ಕೆ ಮನೆ ಸೇರುತ್ತಾರೆ ಎಂದು.

ಒಂಬತ್ತು ವರ್ಷದ ಹಿಂದೆ, ಎರಡನೆಯ ಮಹಡಿಯ ವಾರ್ಡಿನಿಂದ ಎರಡು ಗಂಟಿನ ಮೂಟೆಗಳಲ್ಲಿ ಈ ಬಗೆಯ ಗಲೀಜು ಬರತೊಡಗಿತು. ಮೊದಲು ಗಮನಿಸಿದವನು ನಮ್ಮ ಹಂಡೆಯವನು. “ಅಕ್ಕಾ, ಇದೇನಿದು? ಈ ವಾರ್ಡಲ್ಲಿ ಚಹಾ ಕುಡಿದು ಲೋಟ ಕೆಳಗಿಡೋದ್ರೊಳಗೆ ಸಾಯ್ತಾರಲ್ಲ!” ಎಂದ. ನಕ್ಕೆವು. ನಾಲ್ಕನೆಯ ಮೂಟೆ ಬಂದಾಗ ನಗಲಿಲ್ಲ. ಐದು ತಿಂಗಳಲ್ಲಿ ಏಳು ಮೂಟೆ, ಏಳೂ ತಂಪುಗೈಯ ಮಧ್ಯಾಹ್ನದ ಪಾಳಿಯಲ್ಲಿ. ಬೇರೆ ವಾರ್ಡುಗಳಲ್ಲಿ ಆಯಾಗಳು ಹೇಗೋ ಎರಡು ಸುತ್ತು ಬಿಗಿದು ಕಳಿಸುತ್ತಿದ್ದರು. ಇವು ಅಚ್ಚುಕಟ್ಟಾಗಿ, ಗಂಟಿನ ತುದಿಗಳನ್ನು ಒಳಕ್ಕೆ ಸಿಕ್ಕಿಸಿ ಕಟ್ಟಿದ ಮೂಟೆಗಳು. ವಿಚಾರಿಸಿದರೆ, ‘ಪಾಪ, ಆಯಾಗಳಿಗೆ ಯಾಕೆ ಶ್ರಮ’ ಎಂದು ಅವನೇ ಕಟ್ಟುತ್ತಿದ್ದನಂತೆ.

ಒಂದು ಪುಟ ಬರೆದು ಆಸ್ಪತ್ರೆಯ ಅಧೀಕ್ಷಕರಿಗೆ ಕೊಟ್ಟೆ. ಮರುದಿನ ಕರೆಸಿದರು. ಪಕ್ಕದಲ್ಲಿ ಮೇಟ್ರನ್ ಕೂತಿದ್ದರು.

“ಏನಮ್ಮಾ, ಚಹಾದ ಕಲೆ ನೋಡಿ ಕೊಲೆ ಕಂಡುಹಿಡಿದಿದ್ದೀಯಂತೆ?”

“ಸಾರ್, ಸಾಯೋರ ಬಟ್ಟೆ ಹಾಗಿರಲ್ಲ. ಒಂದ್ಸಲ ನೀವೇ ಕೆಳಗೆ ಬಂದು ನೋಡಿ.”

“ನಾನು? ಮಾಸಿದ ಬಟ್ಟೆ ನೋಡೋಕೆ?”

ಮೇಟ್ರನ್ ಬಾಯಿ ಹಾಕಿದರು. “ಅವನು ಬಂದ್ಮೇಲೆ ನನ್ನ ವಾರ್ಡಲ್ಲಿ ಒಂದು ದೂರಿಲ್ಲ ಸಾರ್. ಇವಳಿಗೆ ಅದೇನು ಹೊಟ್ಟೆಕಿಚ್ಚೋ.”

“ನೋಡಮ್ಮಾ, ಇದು ಹೊರಗೆ ಹೋದ್ರೆ ಆಸ್ಪತ್ರೆ ಮಾನ ಉಳಿಯುತ್ತಾ? ಅವನಿಗೆ ಕ್ಷಮೆ ಕೇಳಿ ಬರೆದುಕೊಡು. ಇಲ್ಲಾ ಅಂದ್ರೆ ನಾಳೆಯಿಂದ ಬರಬೇಡ.”

ಬರೆದುಕೊಟ್ಟೆ. ನನ್ನ ಅಕ್ಷರ ಚೆನ್ನಾಗಿದೆ, ಆ ದಿನವೂ ಚೆನ್ನಾಗಿಯೇ ಬಂತು. ‘ನನ್ನ ಅನುಮಾನಕ್ಕೆ ಆಧಾರವಿಲ್ಲ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.’ ಅವನನ್ನು ಕರೆಸಿ ಓದಿಸಿದರು. ಅವನು ಓದಿ, ಮಡಿಸಿ, “ಬಿಡಿ ಅಕ್ಕಾ, ಅನುಮಾನ ಯಾರಿಗೆ ಬರಲ್ಲ?” ಎಂದ. ಕೊಲೆಗಾರನಿಗೆ ಇದ್ದ ಈ ಔದಾರ್ಯ ನಿಮ್ಮ ಆಯೋಗಕ್ಕೆ ಇಲ್ಲವಾಯಿತು ನೋಡಿ. ಯಾವೊಬ್ಬ ಸಿಬ್ಬಂದಿಗೂ ಅನುಮಾನವೇ ಬಂದಿರಲಿಲ್ಲ ಎಂದು ಬರೆದಿರಿ! ಅದೂ ಆ ಕ್ಷಮಾಪಣೆ ಪತ್ರವನ್ನು ನಿಮ್ಮ ವರದಿಯ ಒಂಬತ್ತನೆಯ ಅನುಬಂಧದಲ್ಲಿ ಅಚ್ಚುಹಾಕಿಕೊಂಡು, ಅದರ ತಲೆಯ ಮೇಲೆ ‘ಸಿಬ್ಬಂದಿಯ ನಡುವಿನ ಸೌಹಾರ್ದಕ್ಕೆ ನಿದರ್ಶನ’ ಎಂದು ಬರೆದು. ಸ್ವಾಮೀ, ಅನುಮಾನವೇ ಇರದಿದ್ದರೆ ಕ್ಷಮೆ ಕೇಳಿಸಿದ್ದು ಯಾತಕ್ಕೆ? ನೀವು ಅದನ್ನು ಓದಿದಿರೋ, ಬರೀ ಪುಟ ಎಣಿಸಿ ಹೊಲಿಸಿದಿರೋ? ನಮ್ಮ ಕಡೆ ಇದಕ್ಕೆ ತಿಪ್ಪೆ ಸಾರಿಸುವುದು ಎನ್ನುತ್ತಾರೆ. ನೀವು ಸಾರಿಸಿದ್ದಷ್ಟೇ ಅಲ್ಲ, ಮೇಲೆ ರಂಗು ಬೇರೆ ಬಳಿದಿದ್ದೀರಿ.

ಇಷ್ಟರವರೆಗೆ ಬರೆದದ್ದು ಸುಲಭ. ಬೇರೆಯವರ ತಪ್ಪು ಬರೆಯಲು ಕೈ ಚೆನ್ನಾಗಿ ಓಡುತ್ತದೆ.

ನಾಲ್ಕು ತಿಂಗಳ ಮೇಲೆ ನನ್ನ ತಂಗಿ ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ನಮ್ಮ ಆಸ್ಪತ್ರೆಗೇ ಸೇರಿದಳು. ಬಸ್ಸಿನ ಕಂಡಕ್ಟರ್ ಆಗಿದ್ದಳು, ಮಾತಿನ ಮಲ್ಲಿ. ಅರಿವಳಿಕೆ ಇಳಿಯುವಾಗ, “ಮುಂದೆ ಹೋಗ್ರೀ, ಒಳಗೆ ಜಾಗ ಇದೆ” ಎಂದು ಡಾಕ್ಟರನ್ನೇ ಗದರಿದ್ದಳು. ಅವಳನ್ನು ಹಾಕಿದ್ದು ಎರಡನೆಯ ಮಹಡಿಯ ಅದೇ ವಾರ್ಡಿಗೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕ್ಷಮಾಪಣೆ ಬರೆದುಕೊಟ್ಟವರಿಗೆ ಒಂದು ರೋಗ ಹತ್ತುತ್ತದೆ: ಬರೆದದ್ದನ್ನು ನಂಬತೊಡಗುತ್ತಾರೆ. ನಂಬದೆ ದಿನಾ ಆ ಗೇಟು ದಾಟುವುದು ಹೇಗೆ? ಆ ನಾಲ್ಕು ತಿಂಗಳಲ್ಲಿ ಆ ವಾರ್ಡಿನಿಂದ ಎರಡು ಗಂಟಿನ ಮೂಟೆ ಇನ್ನೊಂದು ಬಂದಿತ್ತು. ಅದನ್ನು ನಾನು ಬಿಚ್ಚಿ ನೋಡದೆ ಹಾಗೇ ಹಂಡೆಗೆ ಹಾಕಿಸಿದ್ದೆ. ಅದರಲ್ಲಿದ್ದದ್ದು ನಿಮ್ಮ ಪಟ್ಟಿಯ ಎಂಟನೆಯವರ ಹಾಸುಬಟ್ಟೆ.

ತಂಗಿಯನ್ನು ಬೇರೆ ವಾರ್ಡಿಗೆ ಹಾಕಿಸಿ ಎಂದು ಕೇಳಿದ್ದರೆ, ಯಾಕೆ ಎಂದು ಕೇಳುತ್ತಿದ್ದರು. ಆ ‘ಯಾಕೆ’ಗೆ ಹೆದರಿ ನಾನೊಂದು ಜಾಣತನ ಮಾಡಿದೆ. ನೇರವಾಗಿ ಅವನ ಹತ್ತಿರ ಹೋದೆ. “ತಮ್ಮಾ, ಹನ್ನೊಂದನೇ ಮಂಚದೋಳು ನನ್ನ ತಂಗಿ. ಸ್ವಲ್ಪ ವಿಶೇಷವಾಗಿ ನೋಡ್ಕೊಳಪ್ಪಾ” ಎಂದೆ. ಅವನು ಅಂಥವನೇ ಆಗಿದ್ದರೆ ನನ್ನ ತಂಗಿ ಎಂದು ಹೆದರಿಯಾನು. ಆಗಿರದಿದ್ದರೆ ಕೆಟ್ಟ ಸಂಬಂಧ ಸರಿಹೋದೀತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ನನ್ನದು. ಅವನು ನನ್ನ ಕೈ ಹಿಡಿದುಕೊಂಡ. “ನಿಮ್ಮ ತಂಗಿ ಅಂದ್ರೆ ನನಗೂ ಒಬ್ಬ ಅಕ್ಕ ಇದ್ದ ಹಾಗೆ. ನಾಳಿದ್ದು ಮನೆಗೆ ಹೋಗ್ತಾರಲ್ಲಾ, ನಾನೇ ಕಳಿಸಿಕೊಡ್ತೀನಿ” ಎಂದ. ಅವನ ಕೈ ನಿಜವಾಗಿಯೂ ತಂಪಾಗಿತ್ತು.

ಮರುದಿನ ಬೆಳಗ್ಗೆ ಅವಳಿಗೆ ಬಿಸ್ಕತ್ತು ಕೊಟ್ಟುಬಂದೆ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಿಂದಳು. “ಪುಡಿ ಚೆಲ್ಲಬೇಡ್ವೇ, ನಾನೇ ಒಗಿಸ್ಬೇಕು” ಎಂದರೆ, “ಒಗಿಸು, ಮತ್ತೆ ನೀನಿರೋದು ಯಾಕೆ?” ಎಂದು ಇನ್ನಷ್ಟು ಚೆಲ್ಲಿದಳು. ಮಧ್ಯಾಹ್ನ ಮೂರೂವರೆಗೆ ತಳ್ಳುಗಾಡಿ ಬಂತು. ಚೀಟಿಯಲ್ಲಿ ಹನ್ನೊಂದು ಎಂದಿತ್ತು. ಎರಡು ಗಂಟು, ತುದಿಗಳು ಒಳಕ್ಕೆ. ನನಗೆ ಸುದ್ದಿ ಹೇಳಲು ಮೇಲಿನಿಂದ ಇನ್ನೂ ಯಾರೂ ಇಳಿದು ಬಂದಿರಲಿಲ್ಲ. ಹಂಡೆಯವನು, “ಬೇಡ ಅಕ್ಕಾ, ನಾನು ಹೋಗಿ ಕೇಳ್ಕೊಂಡು ಬರ್ತೀನಿ” ಎಂದು ಕೈ ಹಿಡಿದ. ಬಿಡಿಸಿಕೊಂಡು ಬಿಚ್ಚಿದೆ. ಬಿಸ್ಕತ್ತಿನ ಪುಡಿ ಬಟ್ಟೆಯ ತುಂಬ ಇತ್ತು. ಅವಳಿಗೆ ಮೂವತ್ತಾರು ವರ್ಷ. ಇಂದಿಗೂ ಯಾರಾದರೂ ಬಿಸ್ಕತ್ತಿನ ಪೊಟ್ಟಣ ಹರಿದರೆ ನನಗೆ ಎದ್ದು ಹೋಗಬೇಕೆನಿಸುತ್ತದೆ.

ಹೃದಯ ನಿಂತಿತು ಎಂದು ಬರೆದರು. ನಾನು ಕೂಗಾಡಿದೆ, ದುಃಖದಲ್ಲಿ ಬುದ್ಧಿ ಕೆಟ್ಟಿದೆ ಎಂದು ಒಂದು ತಿಂಗಳು ರಜೆ ಕೊಟ್ಟರು. ಅದರಾಚೆ ನಮ್ಮಲ್ಲಿ ಇನ್ನಿಬ್ಬರು ರೋಗಿಗಳು ಹೋದರು. ಕೊನೆಗೆ ಅಧೀಕ್ಷಕರಿಗೂ ಏನೋ ಹೊಳೆದಿರಬೇಕು, ಪ್ರಶಂಸಾಪತ್ರ ಕೊಟ್ಟು ಅವನನ್ನು ಬೇರೆ ಆಸ್ಪತ್ರೆಗೆ ಸಾಗಹಾಕಿದರು. ಅಲ್ಲಿ ಆರು ಜನ. ಒಬ್ಬ ಹೊಸ ಡಾಕ್ಟರು ಸತ್ತವರ ರಕ್ತ ಪರೀಕ್ಷೆ ಮಾಡಿಸದಿದ್ದರೆ ಅವನೀಗ ಮೇಟ್ರನ್ನರ ಜಾಗದಲ್ಲಿರುತ್ತಿದ್ದ. ನಾನು ಬರೆದುಕೊಟ್ಟ ಮೇಲೆ ಹೀಗೆ ಸತ್ತವರು ಹತ್ತು ಜನ. ಅವನ ಕೊರಳಿಗೆ ಹಗ್ಗ ಬಿದ್ದ ದಿನ ಊರೆಲ್ಲ ನ್ಯಾಯ ಸಿಕ್ಕಿತೆಂದು ಕುಣಿಯಿತು. ನನಗೆ ಏನೂ ಅನಿಸಲಿಲ್ಲ. ಅಧೀಕ್ಷಕರು ಈಗ ನಿವೃತ್ತರಾಗಿ ರೋಗಿಗಳ ಸುರಕ್ಷತೆಯ ಬಗ್ಗೆ ಉಪನ್ಯಾಸ ಕೊಡುತ್ತಾರೆ. ನೀವು ಪ್ರತಿ ವಾರ್ಡಿಗೂ ಕ್ಯಾಮೆರಾ ಹಾಕಿಸಲು ಶಿಫಾರಸು ಮಾಡಿದ್ದೀರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಧೀಕ್ಷಕರ ಕೋಣೆಗೂ ಒಂದು ಬೇಡವೇ? ನಿಮ್ಮ ಆಯೋಗ ಕೂತಾಗ ನಾನು ಎರಡು ದಿನ ಹೊರಗಿನ ಬೆಂಚಿನ ಮೇಲೆ ಕಾದೆ. ನಿಮ್ಮ ಗುಮಾಸ್ತರು ಬಂದು, “ವೈದ್ಯಕೀಯ ಸಿಬ್ಬಂದಿ ಹೇಳಿಕೆ ಮಾತ್ರ ತಗೊಳ್ಳೋದಮ್ಮಾ. ನೀವು ಬಟ್ಟೆ ಕಡೆಯೋರಲ್ವಾ?” ಎಂದು ಕಳಿಸಿದರು.

ಹಾಗಿದ್ದರೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತಲ್ಲ ಎಂದು ಕೇಳುವಿರಿ. ಇರಬಹುದಿತ್ತು. ನಿಜ ಹೇಳಬೇಕೆಂದರೆ ನಿಮ್ಮ ಆ ಸಾಲು ನನಗೆ ಲಾಭದ್ದೇ. ನನ್ನ ಅಮ್ಮನಿಗೆ ಎಂಬತ್ತೊಂದು. ವರದಿಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅವಳು ಭೂತಗನ್ನಡಿ ಹಿಡಿದು ಆ ಸಾಲು ಓದಿ, ಹತ್ತಿರ ಬಂದು ನನ್ನ ತಲೆ ಸವರಿದಳು. “ಯಾರಿಗೂ ಗೊತ್ತಿರ್ಲಿಲ್ವಂತೆ ಕಣೇ. ದೊಡ್ಡೋರೇ ಬರೆದಿದಾರೆ. ನೀನು ಸುಮ್ನೆ ಕೊರಗಬೇಡ” ಎಂದಳು. ನೂರಾರು ಜನರಿಗೆ ಸುಳ್ಳು ಹೇಳಿದ ಆ ಸಾಲು ನಮ್ಮ ಮನೆಯಲ್ಲಿ ನಾಲ್ಕು ತಿಂಗಳಿಂದ ಅಮ್ಮನಿಗೆ ನಿದ್ದೆ ತರಿಸುತ್ತಿದೆ. ಸುಳ್ಳನ್ನು ನಂಬಿ ಸವರಿದ ಅವಳ ಆ ಕೈಯನ್ನು ತಲೆಯ ಮೇಲೆ ಹೊತ್ತುಕೊಂಡಿರಲು ನನ್ನಿಂದ ಆಗುತ್ತಿಲ್ಲ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಈ ಪತ್ರವನ್ನು ಇಲ್ಲಿಯವರೆಗೆ ಅವಳಿಗೆ ಓದಿದೆ. ಮುಗಿದ ಮೇಲೆ ಎದ್ದು ಒಲೆ ಆರಿಸಿ ಬಂದು ಕೂತಳು.

“ನೀನು ಅಧೀಕ್ಷಕರಿಗೆ ಹೇಳಿದೆ. ಮೇಟ್ರನ್‌ಗೆ ಹೇಳಿದೆ. ಅವನಿಗೂ ಹೇಳಿದೆ,” ಎಂದಳು. “ನನಗೊಂದು ಮಾತು ಹೇಳಬಾರದಿತ್ತೇನೇ? ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬರ್ತಿದ್ನಲ್ಲೇ.”

ಅಷ್ಟು ಹೇಳಿ ಎದ್ದು ಹೋದಳು. ಬೆಳಗ್ಗೆಯಿಂದ ಅವಳು ನನ್ನೊಡನೆ ಮಾತಾಡಿಲ್ಲ. ಇನ್ನು ಆಡುತ್ತಾಳೆಂದು ನನಗೆ ಅನಿಸುವುದೂ ಇಲ್ಲ.

ಅಧ್ಯಕ್ಷರೇ, ಆ ಸಾಲು ಇನ್ನು ನನ್ನ ಮನೆಯಲ್ಲೂ ಯಾರಿಗೂ ಬೇಡ. ತೆಗೆದುಹಾಕಿ. ಆ ಜಾಗದಲ್ಲಿ ಹೀಗೆ ಬರೆಯಿರಿ: ಒಬ್ಬಳಿಗೆ ಗೊತ್ತಿತ್ತು, ಅವಳು ಹೇಳಿದಳು, ಹೇಳಿದ್ದಕ್ಕೆ ಕ್ಷಮೆ ಕೇಳಿಸಿದರು, ಅವಳು ಕೇಳಿದಳು.

ಇಂತಿ,
ತಮ್ಮ ವರದಿಯ ಪ್ರಕಾರ ಏನೂ ತಿಳಿಯದವಳು,
ಬಟ್ಟೆಕೋಣೆಯ ನಿವೃತ್ತ ಮೇಲ್ವಿಚಾರಕಿ