ಈ ಮನೆಯಲ್ಲಿ ಅರ್ಥ ಇಲ್ಲ

ಡೊಂಬಿವಲಿ
ಬುಧವಾರ, 11 ಜೂನ್ 2025

ಅಶ್ಮಿತಾಳ ಪಪ್ಪನವರಿಗೆ ಜಯಲತಾಳ ನಮಸ್ಕಾರ.

ನಾಲ್ಕು ವರ್ಷದ ಮೇಲೆ ಇವಳ ಕಾಗದ ಬಂತು, ದುಡ್ಡಿಗೇ ಇರಬೇಕು ಎಂದು ಮುಖ ಸಿಂಡರಿಸಬೇಡಿ. ದುಡ್ಡಿಗಲ್ಲ. ನನಗೆ ಹೆದರಿಕೆಯಾಗಿದೆ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ನೀವು ಎಂಥವರೇ ಆಗಿರಿ, ಅವಳ ತಂದೆ ನೀವೇ ತಾನೇ. ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ?

ಫೋನು ಮಾಡಬಹುದಿತ್ತು. ಆದರೆ ಇರುವುದು ಒಂದು ರೂಮು, ಒಂದು ಅಡುಗೆಮನೆ. ಪಿಸುಗುಟ್ಟಿದರೂ ಅವಳಿಗೆ ಕೇಳುತ್ತದೆ. ವಾಟ್ಸಾಪ್ ಮಾಡೋಣವೆಂದರೆ ನನ್ನ ಫೋನು ಅರ್ಧ ದಿನ ಅವಳ ಕೈಯಲ್ಲೇ. ಅವಳಿಗೆ ಓದಲು ಬಾರದ್ದು ಕನ್ನಡ ಒಂದೇ. ಕಲಿಸಲಿಲ್ಲ ಎಂದು ನೀವು ನನ್ನನ್ನು ಎಷ್ಟು ಬೈದಿದ್ದೀರಿ, ಈಗ ನೋಡಿ, ಅದೇ ಉಪಕಾರಕ್ಕೆ ಬಂತು. ಮತ್ತೆ ನಾವಿಬ್ಬರು ಬಾಯಿ ತೆರೆದರೆ ತುಳುವಿನಲ್ಲಿ ಜಗಳವೇ. ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಮರ್ಯಾದೆ ತಾನಾಗಿ ಬರುತ್ತದೆ. ಕೆಳಗಿನ ಮನೆಯ ದೇಜಪ್ಪಣ್ಣ ಸಾನಪಾಡಾದ ನಿಮ್ಮ ಹೋಟೆಲಿಗೇ ದಿನಾ ಕೆಲಸಕ್ಕೆ ಬರುತ್ತಾರಲ್ಲ, ಅವರ ಟಿಫಿನ್ ಚೀಲದಲ್ಲಿ ಇದನ್ನು ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ಅಶ್ಮಿತಾ ಒಂದು ಕಂಪ್ಯೂಟರ್ ಕಟ್ಟಿದ್ದಾಳೆ. ಅಂಗಡಿಯಿಂದ ಇಡಿಯಾಗಿ ತಂದದ್ದಲ್ಲ. ಬಿಡಿಬಿಡಿ ಭಾಗ ತಂದು, ನೆಲದ ಮೇಲೆ ಹರಡಿಕೊಂಡು, ಸ್ಕ್ರೂ ಹಾಕಿ ತಾನೇ ಜೋಡಿಸಿದ್ದು. ಗೇಮ್ ಆಡಲಿಕ್ಕೆ. ಹತ್ತೊಂಬತ್ತು ವರ್ಷದ ಹುಡುಗಿಗೆ ಎಂತ ಗೇಮು ಎಂದು ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ನಾನೂ ಕೇಳಿದ್ದೆ. ಎರಡು ವರ್ಷ ಬಿಲ್ಡಿಂಗಿನ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ನಲವತ್ತು ಸಾವಿರ ಅದು. ನನ್ನದೂ ಇಲ್ಲ, ನಿಮ್ಮದೂ ಇಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಆ ಭಾಗಗಳನ್ನು ಆರಿಸಿದ ಚೆಂದ ನೀವು ನೋಡಬೇಕಿತ್ತು. ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆಯುವುದು, ಹೊಡೆದುಹಾಕುವುದು, ಗೆಳತಿ ಮಾನಸಿಗೆ ಫೋನು ಹಚ್ಚಿ ವಾದ ಮಾಡುವುದು, ಪುನಃ ಬರೆಯುವುದು. ನಾನು ಸೀರೆಗೆ ಫಾಲ್ ಹೊಲಿಯುತ್ತ ಕೇಳಿ ಕೇಳಿ ನನಗೂ ಪಾಠವಾಯಿತು. ಗೇಮಿನ ಚಿತ್ರಕ್ಕೆ ಬೇರೆಯೇ ಕಾರ್ಡು ಬೇಕಂತೆ, ಅದಕ್ಕೇ ಅರ್ಧ ದುಡ್ಡು ಹೋಗುತ್ತದಂತೆ. ಚಿತ್ರದ ಕೆಲಸವನ್ನೂ ಸ್ವಲ್ಪ ಮಾಡಿಕೊಳ್ಳುವ ಪ್ರೊಸೆಸರ್ ತಗೊಂಡರೆ ಸದ್ಯ ಸಣ್ಣ ಗೇಮ್ ಆಡಬಹುದು, ಕಾರ್ಡು ಮುಂದಿನ ವರ್ಷ ಹಾಕಬಹುದು ಎಂದು ತೀರ್ಮಾನವಾಯಿತು. ಮಾನಿಟರು ಸೆಕೆಂಡ್ ಹ್ಯಾಂಡ್. ಗಾಜಿನ ಬಾಗಿಲಿನ, ಒಳಗೆ ಬಣ್ಣದ ದೀಪ ಉರಿಯುವ ಡಬ್ಬಿಯೊಂದರ ಮೇಲೆ ಅವಳಿಗೆ ಆಸೆ ಇತ್ತು. ಅದನ್ನೂ ಹೊಡೆದುಹಾಕಿ ಸಾದಾ ತಗಡಿನದ್ದು ಬರೆದಳು.

ಕಲ್ಯಾಣ್ ಸ್ಟೇಷನ್ ಹತ್ತಿರದ ಅಂಗಡಿಗೆ ಇಬ್ಬರೂ ಹೋದೆವು. ಎಲ್ಲದಕ್ಕೂ ಕರೆಂಟು ಹಂಚುವ ಒಂದು ಪೆಟ್ಟಿಗೆ ಇರುತ್ತದೆ, ಪವರ್ ಸಪ್ಲೈ ಎನ್ನುತ್ತಾರೆ. ಅಂಗಡಿಯವನು, ಲೋಕಲ್ ಘ್ಯಾ ತಾಯಿ, ಕಾಹೀ ಹೋತ್ ನಾಹೀ ಎಂದ, ಅಗ್ಗದ್ದೇ ತಗೊಳ್ಳಿ, ಏನೂ ಆಗುವುದಿಲ್ಲ ಎಂದು. ಇವಳು ಒಪ್ಪಲೇ ಇಲ್ಲ ಮಾರಾಯ್ರೆ. ಕಂಪನಿಯದ್ದೇ ಬೇಕು ಎಂದು ಹಟ. ಹೊರಗೆ ಬಂದ ಮೇಲೆ, ದೀಪ ಗೀಪ ಬಿಡಬಹುದು ಮಮ್ಮಿ, ಕಣ್ಣಿಗೆ ಕಾಣದ್ದರಲ್ಲಿ ಕಂಜೂಸಿ ಮಾಡಬಾರದು ಎಂದಳು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಸ್ಟೇಷನ್ನಿನಲ್ಲಿ ಅವಳಿಗೆ ವಡಾಪಾವ್ ಕೊಡಿಸಿ ನಾನೂ ಒಂದು ತಿಂದೆ.

ಶುಕ್ರವಾರ ಜೋಡಿಸಿದಳು. ಪರದೆ ಬೆಳಗಿದಾಗ ನನ್ನನ್ನು ಎತ್ತಿ ತಿರುಗಿಸಿದಳು, ನನ್ನ ಭಾರ ನಿಮಗೆ ಗೊತ್ತಲ್ಲ. ಎರಡು ದಿನ ಮನೆಯಲ್ಲಿ ನಗುವೇ ನಗು.

ಭಾನುವಾರ ಸಂಜೆ ಏನಾಯಿತೋ. ಒಮ್ಮೆಲೇ ಎದ್ದು ಪ್ಲಗ್ಗು ಕಿತ್ತಳು. ಕಂಪ್ಯೂಟರಿನ ಮೇಲೆ ಹಳೆ ಚಾದರ ಹೊದೆಸಿದಳು. ಆವತ್ತಿನಿಂದ ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಾಳೆ. ಆಡುವುದಿಲ್ಲ. ಕಾಲೇಜಿಗೆ ಹೋಗುವುದಿಲ್ಲ. ಏನಾಯಿತು ಮಗಾ ಎಂದರೆ ಏನೂ ಇಲ್ಲ. ಮಲಗುವಾಗ ದಿಂಬಿನ ಕೆಳಗೆ ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತಾಳೆ. ಸೋಮವಾರ ನಾನು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತ ಆ ಕಡೆ ಹೋದೆ ನೋಡಿ, ಅಯ್ಯೋ, ಮುಟ್ಟಬೇಡ ಎಂದು ಹಿಂದಿಯಲ್ಲಿ ಎಂಥ ಚೀರಾಟ! ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಆಮೇಲೆ ನನ್ನ ಕೈ ಹಿಡಿದು ಬೆರಳು ಒಂದೊಂದಾಗಿ ತಿರುಗಿಸಿ ನೋಡಿದಳು.

ನಿನ್ನೆ ಗ್ಯಾಲರಿಯಲ್ಲಿ ನಿಂತು ಮಾನಸಿಯೊಡನೆ ಮಾತಾಡುತ್ತಿದ್ದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬಾಗಿಲ ಹಿಂದೆ ನಿಂತೆ. ಕದ್ದು ಕೇಳಿದೆ, ಹೌದು. ಈ ಕಿವಿಯಲ್ಲೇ ಕೇಳಿದ್ದು: ಇಸ್ ಘರ್ ಮೇ ಅರ್ಥ್ ಹೀ ನಹೀ ಹೈ. ಈ ಮನೆಯಲ್ಲಿ ಅರ್ಥವೇ ಇಲ್ಲ ಎಂದಳು. ಮಮ್ಮಿಗೆ ಹೇಳಬೇಡ, ಹೆದರುತ್ತಾಳೆ ಎಂದಳು. ಇನ್ನು ಹೀಗೆ ನಡೆಯುವುದಿಲ್ಲ, ಎಲ್ಲ ಬಂದ್ ಎಂದಳು.

ಹತ್ತೊಂಬತ್ತು ವರ್ಷ ಈ ಮನೆಯಲ್ಲಿ ಬೆಳೆದ ಹುಡುಗಿ ಹಾಗೆ ಹೇಳಿದರೆ ತಾಯಿಯಾದವಳು ಏನೆಂದುಕೊಳ್ಳಬೇಕು? ನನ್ನ ತಲೆಗೆ ಬಂದದ್ದನ್ನು ಬರೆಯಲು ಕೈ ಬರುವುದಿಲ್ಲ. ಗ್ಯಾಲರಿಯ ಬಾಗಿಲಿಗೆ ಬೀಗ ಹಾಕಿದ್ದೇನೆ. ಮಳೆಗೆ ಬಟ್ಟೆ ಒಳಗೇ ಒಣಗಲಿ ಎಂದು ಸುಳ್ಳು ಹೇಳಿದೆ. ಅವಳು ಬಾತ್‌ರೂಮಿಗೆ ಹೋದರೆ ನಾನು ಹೊರಗೆ ನಿಂತು ನೀರಿನ ಸದ್ದು ಕೇಳುತ್ತೇನೆ. ಸದ್ದು ನಿಂತರೆ ಹೆಸರು ಹಿಡಿದು ಕೂಗುತ್ತೇನೆ.

ಇನ್ನೊಂದು ಮುಚ್ಚಿಡಬಾರದು. ನಿನ್ನೆ ಅವಳು ನಿಮ್ಮ ನಂಬರು ಕೇಳಿದಳು. ಗೊತ್ತಿಲ್ಲ ಎಂದೆ. ನನಗೆ ಅದು ಬಾಯಿಪಾಠ ಉಂಟು.

ನಾನು ಏನು ಹೇಳಿದರೂ ನಿಮಗೆ ಅದು ಭ್ರಮೆ. ಫ್ರಿಜ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ ಎಂದರೆ ಭ್ರಮೆ. ಕೊನೆಗೆ ನಿಮ್ಮ ಅಕ್ಕನ ಎದುರಿಗೆ, ಇವಳ ತಲೆ ಸರಿ ಇಲ್ಲ, ಇವಳ ಜೊತೆ ಬಾಳುವುದು ಹೇಗೆ ಎಂದಿರಿ. ಆ ವಾರವೇ ಬಟ್ಟೆ ಕಟ್ಟಿಕೊಂಡು ಹೋದಿರಿ. ನಾನು ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಈ ಮೂರು ದಿನ ದೇವರ ಮುಂದೆ ಕೇಳಿಕೊಳ್ಳುತ್ತಿರುವುದು ಒಂದೇ. ಇದೂ ನನ್ನ ಭ್ರಮೆಯೇ ಆಗಿರಲಿ. ಅವರು ಹೇಳಿದ್ದೇ ನಿಜವಾಗಲಿ, ನನ್ನ ತಲೆಯೇ ಕೆಟ್ಟಿರಲಿ.

ಒಮ್ಮೆ ಬನ್ನಿ. ಅಥವಾ ಏನು ಮಾಡಬೇಕೆಂದು ಎರಡು ಗೆರೆ ಬರೆದು ದೇಜಪ್ಪಣ್ಣನ ಕೈಯಲ್ಲಿ ಕಳಿಸಿ.

ಇಂತಿ,
ಜಯಲತಾ

ತಾ.ಕ.: ಅಡುಗೆಮನೆಯ ನೆಲ ತಂಡಿ ಎಂದು ನೀವು ಒಂದು ದಿನ ನನಗೆ ರಬ್ಬರ್ ಚಪ್ಪಲಿ ತಂದುಕೊಟ್ಟಿದ್ದಿರಿ, ನೆನಪು ಉಂಟೋ ಇಲ್ಲವೋ. ಬಾರು ಕಿತ್ತುಹೋಗಿದೆ, ಪಿನ್ನು ಚುಚ್ಚಿ ಹಾಕಿಕೊಳ್ಳುತ್ತಿದ್ದೇನೆ. ನಾನು ಕೇಳದೆ ನೀವಾಗಿ ತಂದದ್ದು ಅದೊಂದೇ, ಬಿಸಾಡಲು ಮನಸ್ಸಾಗಲಿಲ್ಲ. ನಗಬೇಡಿ.

---

ಸಾನಪಾಡಾ
ಬುಧವಾರವೇ, ಮಧ್ಯಾಹ್ನ ಮೂರು ಗಂಟೆ

ಲತಾ,

ಮೊದಲು ಇಷ್ಟು ಓದು. ಮಗಳು ಚೆನ್ನಾಗಿದ್ದಾಳೆ. ನೀನು ಎಣಿಸಿದಂತೆ ಏನೂ ಇಲ್ಲ. ಗ್ಯಾಲರಿಯ ಬೀಗ ತೆಗೆ.

ನಿನ್ನ ಕಾಗದವನ್ನು ಕೌಂಟರಿನಲ್ಲಿ ನಿಂತೇ ಓದಿದೆ. ಅವಳು ಹೇಳಿದ ಆ ಮಾತು ಬಂದಲ್ಲಿ ನನಗೂ ಹೆದರಿಕೆಯಾಯಿತು. ನಿನಗೆ ಯಾಕೆ ಹೆದರಿಕೆಯಾಯಿತೋ ಅದಕ್ಕಲ್ಲ. ದೇಜಪ್ಪಣ್ಣನಿಂದ ಅವಳ ನಂಬರು ತಗೊಂಡು ಆಗಲೇ ಫೋನು ಮಾಡಿದೆ. ನಾಲ್ಕು ವರ್ಷದ ಮೇಲೆ ಮಗಳಿಗೆ ನಾನು ಹೇಳಿದ ಮೊದಲ ಮಾತು, ಅದನ್ನು ಮುಟ್ಟಬೇಡ ಎಂದು. ಅವಳು, ಪಪ್ಪಾ, ಹಾಗಾದರೆ ನಿಮಗೆ ಗೊತ್ತಿತ್ತಾ ಎಂದು ಕೇಳಿದಳು.

ಅವಳು ಮಾನಸಿಗೆ ಹೇಳಿದ್ದು ನೀನು ತಿಳಿದ ಅರ್ಥ ಅಲ್ಲ. ನಮ್ಮ ವೈರ್‌ಮನ್‌ಗಳ ಅರ್ಥ್, ಅರ್ಥಿಂಗ್. ಕರೆಂಟು ದಾರಿ ತಪ್ಪಿ ಯಂತ್ರದ ಮೈಗೆ ಬಂದರೆ ಅದನ್ನು ಮಣ್ಣಿಗೆ ಇಳಿಸುವ ಒಂದು ವೈರು ಇರಬೇಕು. ಪ್ಲಗ್ಗಿನ ಮೂರನೇ ತೂತು ಅದಕ್ಕೇ. ಭಾನುವಾರ ಬರಿಗಾಲಲ್ಲಿ ಕೂತು ಆ ತಗಡಿನ ಡಬ್ಬಿ ಮುಟ್ಟಿದಾಗ ಅವಳ ಕೈ ಜುಮ್ ಎಂದಿತು. ಬುದ್ಧಿವಂತೆ, ನೀನು ಮಲಗಿದ ಮೇಲೆ ಮೇನ್ ಆಫ್ ಮಾಡಿ ಬೋರ್ಡು ಬಿಚ್ಚಿ ನೋಡಿದ್ದಾಳೆ. ಮೂರನೇ ತೂತಿನ ಹಿಂದೆ ವೈರೇ ಇರಲಿಲ್ಲ. ಸ್ಕ್ರೂಡ್ರೈವರ್ ಅದಕ್ಕೆ. ಅವಳು ಕಾಲೇಜು ಬಿಟ್ಟು ಅದರ ಪಕ್ಕ ಕೂತದ್ದು ನಿನಗಾಗಿ ಲತಾ. ಅಮ್ಮ ದಿನಾ ಒದ್ದೆ ಬಟ್ಟೆ ಹಿಡಿದು ಬರುತ್ತಾಳೆ, ನಾನಿಲ್ಲದಾಗ ಪ್ಲಗ್ಗು ಹಾಕಿ ಮುಟ್ಟಿದರೆ ಎಂದು ಅವಳಿಗೆ ಭಯ. ನಿನಗೆ ಹೇಳಿದರೆ ನೀನು ಕಂಪ್ಯೂಟರನ್ನೇ ಮಾರಿಸುತ್ತೀ ಎಂಬ ಭಯವೂ ಇತ್ತಂತೆ.

ಆ ಮನೆಗೆ ವೈರು ಎಳೆದವನು ನಾನು. ಹಳೆ ಬಿಲ್ಡಿಂಗು, ಅರ್ಥ್ ಇರಲಿಲ್ಲ. ನೆಲ ಅಗೆದು ಸಲಾಕೆ ಹೂತು ಅಲ್ಲಿಂದ ಮೂರನೇ ಮಾಳಿಗೆಗೆ ವೈರು ತರಬೇಕಿತ್ತು. ಸೊಸೈಟಿಯ ಸೆಕ್ರೆಟರಿ ಅಂಗಳ ಅಗೆಯಲು ಬಿಡಲಿಲ್ಲ. ಮುಂದಿನ ತಿಂಗಳು ಕೇಳೋಣ ಎಂದು ಬಿಟ್ಟೆ. ನೋಡಲು ಸರಿ ಕಾಣಲಿ ಎಂದು ಮೂರು ತೂತಿನ ಪ್ಲಗ್ಗು ಕೂರಿಸಿದೆ. ಆ ಮುಂದಿನ ತಿಂಗಳು ಇಪ್ಪತ್ತು ವರ್ಷ ಬರಲೇ ಇಲ್ಲ. ಆಗ ಅಂಬರನಾಥದ ಕಾರ್ಖಾನೆಯಲ್ಲಿ ನಾನು ವೈರ್‌ಮನ್, ಊರಿಗೆಲ್ಲ ಅರ್ಥ್ ಹಾಕಿಕೊಡುವವನು. ನನ್ನ ಮನೆಗೇ ಇಲ್ಲ ಎಂದು ಯಾರ ಹತ್ತಿರ ಹೇಳಲಿ? ಕಣ್ಣಿಗೆ ಕಾಣದ್ದರಲ್ಲಿ ಕಂಜೂಸಿ ಮಾಡಬಾರದು ಎಂದು ಮಗಳು ಹೇಳಿದ್ದನ್ನು ಓದಿದೆ. ಇಡೀ ಕಾಗದದಲ್ಲಿ ಆ ಒಂದು ಗೆರೆಯನ್ನು ಎರಡನೇ ಸಲ ಓದಲು ನನ್ನಿಂದ ಆಗಲಿಲ್ಲ.

ರಾಯಚೂರಿನ ಮಾನಪ್ಪ ಎಂಬವನ ಬಗ್ಗೆ ನಿನಗೆ ಹೇಳಿದ್ದೆ, ಲೋಡಿಂಗ್ ಕೆಲಸದವನು, ಮಷಿನು ಮುಟ್ಟಿ ತೀರಿಕೊಂಡ ಎಂದು. ಪೂರ್ತಿ ಹೇಳಿರಲಿಲ್ಲ. ಆ ಮಷಿನಿನ ಅರ್ಥ್ ವೈರು ಕಿತ್ತುಹೋಗಿತ್ತು. ಅವನು ಕೈ ತೊಳೆದುಕೊಂಡು ಬಂದು ಸುಮ್ಮನೆ ಅದಕ್ಕೆ ಒರಗಿದ. ಏ ಅಣ್ಣಾ, ಊಟಕ್ಕ ನಡೀರಿ ಎಂದು ನನ್ನನ್ನೇ ಕರೆಯುತ್ತಿದ್ದ, ಮಾತು ಅರ್ಧಕ್ಕೇ ನಿಂತಿತು. ಈ ನಾಲ್ಕು ವರ್ಷದಲ್ಲಿ ಹೋಟೆಲಿನ ರೂಮಿನಲ್ಲಿ ಮಲಗಿ ನಾನು ಎಷ್ಟು ಸಲ ಎದ್ದು ಕೂತಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ಪ್ರತಿ ಸಲವೂ ಒರಗಿದವನು ಮಾನಪ್ಪ ಆಗಿರುವುದಿಲ್ಲ. ನೀನಾಗಿರುತ್ತೀ.

ನಾಳೆ ರಜೆ ಹಾಕಿದ್ದೇನೆ. ತಾಮ್ರದ ವೈರು, ಸಲಾಕೆ ತಗೊಂಡು ಬೆಳಿಗ್ಗೆ ಬರುತ್ತೇನೆ. ಸೆಕ್ರೆಟರಿ ಏನಾದರೂ ಹೇಳಲಿ, ಅಂಗಳ ಅಗೆಯುವುದೇ. ನನ್ನನ್ನು ಒಳಗೆ ಕರೆಯಬೇಕೆಂದಿಲ್ಲ. ಕೆಲಸ ಕೆಳಗಿನಿಂದ ಶುರುವಾಗುತ್ತದೆ. ವೈರು ಮೂರನೇ ಮಾಳಿಗೆ ಮುಟ್ಟುವ ಹೊತ್ತಿಗೆ ನೀನು ಬಾಗಿಲು ತೆರೆದರೆ ಸಾಕು. ಅಲ್ಲಿಯವರೆಗೆ ಮೂರು ಪಿನ್ನಿನ ಪ್ಲಗ್ಗು ಯಾವುದನ್ನೂ ಹಾಕಬೇಡ. ಫ್ರಿಜ್ಜೂ ಬಂದ್ ಮಾಡು. ಮೊದಲು ಮೇನ್ ಆಫ್ ಮಾಡಿಸಿ, ಆಮೇಲೆ ಪ್ಲಗ್ಗು ತೆಗೆ. ಹಾಲು ಕೆಟ್ಟರೆ ಕೆಡಲಿ.

ಅಶ್ಮಿತಾಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಈ ಕಾಗದವನ್ನು ಅವಳಿಗೆ ನೀನೇ ಓದಿ ಹೇಳು. ಯಾವ ಗೆರೆಯನ್ನೂ ಬಿಡಬೇಡ.

ಇಂತಿ,
ಜಯಶೀಲ

ತಾ.ಕ.: ಚಪ್ಪಲಿ ನೆನಪು ಉಂಟು. ಮಾನಪ್ಪ ಸತ್ತ ದಿನ ಸಂಜೆ ಅಂಬರನಾಥ ಸ್ಟೇಷನ್ನಿನ ಹೊರಗೆ ಕೊಂಡದ್ದು. ನೆಲ ತಂಡಿ ಎಂದದ್ದು ಸುಳ್ಳು. ನಿನಗೆ ಯಾವ ಭ್ರಮೆಯೂ ಇರಲಿಲ್ಲ ಲತಾ. ಫ್ರಿಜ್ ನನಗೂ ಹೊಡೆಯುತ್ತಿತ್ತು.