ಕಿಟಕಿಯ ಮುಂದಿನ ಪುಟ್ಟ ಕುರ್ಚಿ

ಅಕ್ಕಾ, ಮೊದಲು ಕೂತುಕೋ, ಆಮೇಲೆ ಓದು. ಗಟ್ಟಿಯಾಗಿ ಓದಬೇಡ, ಪುಟ್ಟಿ ಕೇಳಿಸಿಕೊಂಡಾಳು. ನಮ್ಮವರಿಗೆ ಇಲ್ಲಿಗೆ, ನನ್ನ ಹತ್ತಿರ ಬರಲು ವೀಸಾ ಬಂತು. ಅವಳಿಗೆ ಬರಲಿಲ್ಲ.

ಈ ದೇಶದ ವೀಸಾ ಕಚೇರಿಯ ಕಿಟಕಿಯ ಮುಂದೆ ದೊಡ್ಡವರಿಗೊಂದು ಕುರ್ಚಿ, ಅದರ ಪಕ್ಕದಲ್ಲೇ ಮಕ್ಕಳಿಗೊಂದು ಪುಟ್ಟ ಹಳದಿ ಕುರ್ಚಿ ಇದೆ. ಅದರ ಮೇಲೆ ಚೀಲ ಇಡಲು ಮನಸ್ಸಾಗದೆ ತೊಡೆಯ ಮೇಲೇ ಇಟ್ಟುಕೊಂಡೆ. ಜನನ ಪತ್ರದಲ್ಲಿ ತಾಯಿ ಎಂದು ನಿನ್ನ ಹೆಸರಿದೆಯಲ್ಲ, ಅಧಿಕಾರಿ ಅದನ್ನೇ ಹಿಡಿದುಕೊಂಡ. ನೀನು ಹೆತ್ತು, ಹನ್ನೊಂದನೆಯ ದಿನ ನನ್ನ ಮಡಿಲಿಗೆ ಹಾಕಿದ್ದನ್ನು ಹೇಳಿದೆ. ಅದಕ್ಕೆ ಕಾಗದ ಎಲ್ಲಿ ಎಂದ. ಅಕ್ಕತಂಗಿಯರ ನಡುವೆ ಕಾಗದ ಎಂಥದ್ದು! "ಹೆತ್ತ ತಾಯಿ ಇದ್ದಾರಾ?" ಎಂದು ದುಭಾಷಿ ಹೆಂಗಸು ಕೇಳಿದಳು.

"ಇದ್ದಾಳೆ, ನೂರು ವರ್ಷ ತಣ್ಣಗಿರ್ಲಿ" ಎಂದುಬಿಟ್ಟೆ. ಮತ್ತೇನು ಹೇಳಲಿ, ಬದುಕಿರುವವಳನ್ನು ಸಾಯಿಸಲೇ? ಅದನ್ನೇ ಬರೆದುಕೊಂಡರು.

"ಹಾಗಾದ್ರೆ ಮಗು ಅವರ ಹತ್ರಾನೇ ಇರ್ಲಿ ಅಂತಾರಮ್ಮ" ಎಂದಳು. ಪಾಪ, ಅವಳ ದನಿಯೂ ಇಳಿದಿತ್ತು.

ಇನ್ನು ಕೋರ್ಟಿನಿಂದ ದತ್ತುಪತ್ರ ಆಗಬೇಕು. ಎರಡು ವರ್ಷವಾದರೂ ಹಿಡಿಯುತ್ತದಂತೆ. ಅಷ್ಟರಲ್ಲಿ ಪುಟ್ಟಿಗೆ ಎಂಟು ತುಂಬಿರುತ್ತದೆ.

ಲಾಂಡ್ರಿ ಕೆಲಸದಲ್ಲಿ ಇಸ್ತ್ರಿ ತಾಗಿ ಸುಟ್ಟಿದ್ದ ಕೈ ವಾಸಿಯಾಗಿದೆ, ಚಿಂತೆ ಬೇಡ. ಅವಳ ತಲೆ ಬಾಚುವಾಗ ಎಡಗಡೆ ಮೆಲ್ಲಗೆ ಎಳೆ, ಅಲ್ಲಿ ಬೇಗ ಸಿಕ್ಕಾಗುತ್ತದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಯಾವತ್ತಾದರೂ ಅವಳು ಬಾಯಿತಪ್ಪಿ ದೊಡ್ಡಮ್ಮ ಅನ್ನುವ ಬದಲು ನಿನ್ನನ್ನು ಅಮ್ಮ ಅಂದರೆ, ತಿದ್ದಬೇಡ.

ನಿನ್ನ ತಂಗಿ