ಊರುಗಳು ಇದ್ದಲ್ಲೇ ಇವೆ, ದಾರಿ ಮಾತ್ರ ಬೆಳೆದಿದೆ

ವಿಮಾನಗಳ ವೇಳಾಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ನಮ್ಮ ನಗರದಿಂದ ಕಡಲಾಚೆಯ ನಗರಕ್ಕೆ ನಾಲ್ಕು ಗಂಟೆಯ ಹಾರಾಟ ಎಂದು ನಿಮ್ಮ ಪಟ್ಟಿ ಹೇಳುತ್ತದೆ. ಅದು ಸುಳ್ಳು. ಏಷ್ಯಾದ ಈ ಎರಡು ನಗರಗಳ ನಡುವೆ ಇರುವ ದೇಶ ಕಳೆದ ವರ್ಷವೇ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ಅಂದಿನಿಂದ ವಿಮಾನಗಳು ಸಮುದ್ರದ ಮೇಲೆ ಸುತ್ತಿ ಬಳಸಿ ಹೋಗುತ್ತಿವೆ, ಆರು ಗಂಟೆ ಹಿಡಿಯುತ್ತಿದೆ. ಪ್ರಯಾಣಿಕರಿಗೆ ಇದು ಬರೀ ಬೇಸರ. ಆದರೆ ಪೈಲಟ್‌ಗಳ ದುಡಿಮೆಯನ್ನು ನೀವು ಎಣಿಸುವುದು ಪಟ್ಟಿಯ ಗಂಟೆಗಳಿಂದ, ಹಾರಿದ ಗಂಟೆಗಳಿಂದಲ್ಲ. ಹಾಗಾಗಿ ಅಲ್ಲಿ ಮಲಗಿ ಎದ್ದು ಬರಬೇಕಾದವರು ಇಳಿದ ಬೆನ್ನಿಗೇ ಮರಳಿ ಹಾರುತ್ತಾರೆ. ಕಾಗದದ ಪ್ರಕಾರ ಅವರಿಗೆ ದಣಿವೇ ಆಗಿರುವುದಿಲ್ಲ!

ಆ ಪೈಲಟ್‌ಗಳಲ್ಲಿ ಒಬ್ಬ ನನ್ನ ತಮ್ಮ. ಚಿಕ್ಕಂದಿನಲ್ಲಿ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಮನೆಯವರನ್ನು ಗೋಳು ಹೊಯ್ದುಕೊಂಡದ್ದಕ್ಕೆ ನಾವು ಇಟ್ಟ ಹೆಸರು ಗೂಬೆ. ಆ ಗೂಬೆ ಹೋದ ವಾರ ಊಟಕ್ಕೆ ಕೂತವನು, ತುತ್ತು ಕೈಯಲ್ಲಿರುವಾಗಲೇ ನಿದ್ದೆ ಹೋದ. "ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ," ಎಂದು ಅಮ್ಮ ನಕ್ಕರು. ನಾನೂ ನಕ್ಕೆ. ಅಮ್ಮ ಒಳಗೆ ಹೋದ ಮೇಲೆ ಅವನು ಎಚ್ಚೆತ್ತು ನಿಜ ಬಾಯಿಬಿಟ್ಟ.

"ಅಕ್ಕ, ಅಮ್ಮಂಗೆ ಹೇಳ್ಬೇಡ. ಸಮುದ್ರದ ಮೇಲೆ ನಂಗೆ ಜೋಂಪು ಹತ್ಬಿಡ್ತು. ಎಚ್ಚರ ಆಗಿ ಪಕ್ಕಕ್ಕೆ ನೋಡ್ತೀನಿ, ಕ್ಯಾಪ್ಟನ್ನೂ ಗೊರಕೆ ಹೊಡೀತಿದಾರೆ."

"ಅಯ್ಯೋ! ನಿನ್ನ ಎಬ್ಬಿಸಿದ್ದು ಯಾರೋ?"

"ಕಾಫಿ ಬೇಕಾ ಅಂತ ಗಗನಸಖಿ ಹಿಂದಿನಿಂದ ಫೋನ್ ಮಾಡಿದ್ಲು. ಆಗಾಗ ಮಾಡ್ತಾನೇ ಇರ್ತಾಳೆ. ಕಾಫಿ ಯಾರಿಗೂ ಬೇಡ ಅಕ್ಕ, ನಾವು ಎದ್ದಿದೀವಾ ಅಂತ ನೋಡೋಕೆ ಅದು. ಅವತ್ತು ಮೂರನೇ ಸಲಕ್ಕೆ ಎತ್ತಿದೆನಂತೆ."

ನಾನು ಹಲ್ಲಿನ ವೈದ್ಯೆ. ನಾನು ತೂಕಡಿಸಿದರೆ ಯಾರದೋ ಒಂದು ಒಳ್ಳೆಯ ಹಲ್ಲು ಹೋದೀತು. ಅವನು ತೂಕಡಿಸಿದರೆ? ಇದನ್ನು ಕೇಳಲೆಂದೇ ನಿಮ್ಮ ತಂಪು ಕೋಣೆಗೆ ಬಂದೆ. ನೀವು ನಕ್ಕಿರಿ. "ದೂರ ಹೇಗೆ ಬದಲಾಗುತ್ತೆ ಮೇಡಂ? ಊರುಗಳು ಇದ್ದಲ್ಲೇ ಇವೆಯಲ್ಲ!" ಎಂದಿರಿ. ಎಂಥ ಜ್ಞಾನ, ಮಾನ್ಯರೇ! ಗೋಡೆಯ ನಕ್ಷೆಗೆ ಸ್ಕೇಲು ಹಿಡಿದು ನೇರ ಗೆರೆಯನ್ನೂ ತೋರಿಸಿದಿರಿ. ಆ ಗೆರೆಯ ಮೇಲೆ ಈಗ ಹಕ್ಕಿ ಹಾರಬಹುದು, ವಿಮಾನ ಹಾರುವಂತಿಲ್ಲ. ದಣಿವಾಗಿದೆ, ಹಾರಲಾರೆವು ಎಂದ ಇಬ್ಬರು ಪೈಲಟ್‌ಗಳು ಕೆಲಸ ಕಳೆದುಕೊಂಡದ್ದು ನಿಮಗೆ ಗೊತ್ತಿಲ್ಲವೇ? ಏನಾದರೂ ಆದ ಮೇಲೆ ತನಿಖಾ ಸಮಿತಿ ಕೂಡಿಸುತ್ತೀರಿ, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ. 'ಪೈಲಟ್‌ನ ಅಜಾಗರೂಕತೆ' ಎಂದು ಷರಾ ಬರೆಯುತ್ತೀರಿ. ನನ್ನ ತಮ್ಮನ ಹೆಸರಿನ ಮುಂದೆ ಆ ಮಾತು ಕೂರಲು ನಾನು ಬಿಡುವುದಿಲ್ಲ.

ನಾಲ್ಕನ್ನು ಆರು ಎಂದು ತಿದ್ದಿ. ಹೋದವರು ಅಲ್ಲಿ ಮಲಗಿ ಎದ್ದ ಮೇಲೆಯೇ ಮರಳುವಂತೆ ಇಂದೇ ಆಜ್ಞೆ ಮಾಡಿ. ಆಗದಿದ್ದರೆ ನೀವೇ ಒಮ್ಮೆ ಆ ವಿಮಾನ ಹತ್ತಿ. ಮರಳುವಾಗ ಮುಂದಿನ ಸಾಲಿನಲ್ಲಿ ಕೂತು, ಕಾಫಿಯ ಫೋನಿಗೆ ಉತ್ತರ ಬಂತೇ ಎಂದು ಕಿವಿಗೊಟ್ಟು ಕೇಳಿ.

ಇದನ್ನು ಬರೆಯುವಾಗ ಗೂಬೆ ನನ್ನೆದುರಿನ ಸೋಫಾದಲ್ಲಿ ಸಮವಸ್ತ್ರದಲ್ಲೇ ನಿದ್ದೆ ಹೋಗಿದ್ದಾನೆ. ಒಂದು ಬೂಟು ಕಾಲಲ್ಲಿದೆ, ಇನ್ನೊಂದು ಕೈಯಲ್ಲಿ. ಕೆಳಗೆ ಅವನನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಕಾರು ಬಂದು ಹಾರ್ನ್ ಹೊಡೆಯುತ್ತಿದೆ. ಎಬ್ಬಿಸಲೇ, ಬೇಡವೇ? ನೀವೇ ಹೇಳಿ.

ಇಂತಿ,
ಉತ್ತರ ತಿಳಿಯದೆ ಕೂತಿರುವ,
ಗೂಬೆಯ ಅಕ್ಕ